ಪದ ಪರಿಚಯ: ಮೆಟಬೊಲೈಟ್, ಮತ್ತು ಅದನ್ನು ಹಿಡಿಯುವ ತಕ್ಕಡಿ

ಜ್ವರ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಹುಡುಕುವುದು ಪ್ಯಾರಾಸಿಟಮಾಲ್ ಮಾತ್ರೆ. ನುಂಗಿದೆವು, ಜ್ವರ ಇಳಿಯಿತು, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಆ ಔಷಧದಲ್ಲಿ ಇದ್ದ ಹಾಗೆಯೇ ಮೂತ್ರದಲ್ಲಿ ಹೊರಹೋಗುವುದು ತೀರ ಸ್ವಲ್ಪ. ಉಳಿದದ್ದು ಬೇರೆ ಬೇರೆ ಅಣುಗಳಾಗಿ ಮಾರ್ಪಟ್ಟಿರುತ್ತದೆ. ದೇಹ ಒಂದು ಔಷಧವನ್ನು ಹೀಗೆ ಮಾರ್ಪಡಿಸಿದಾಗ ಹುಟ್ಟುವ ಒಂದೊಂದು ಅಣುವೂ ಒಂದು ಮೆಟಬೊಲೈಟ್.

ಮೆಟಬಾಲಿಸಂಗೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಚಯಾಪಚಯ’ ಎಂಬ ಪದವಿದೆ. ಚಯ ಎಂದರೆ ಕೂಡಿಸುವುದು, ಅಪಚಯ ಎಂದರೆ ಒಡೆದು ಕಳೆಯುವುದು. ಔಷಧದ ಮಟ್ಟಿಗೆ ಇದು ಬಹಳ ಒಪ್ಪುವ ಪದ. ಯಕೃತ್ತು ಅಣುವಿನಿಂದ ಒಂದು ತುಂಡು ಕತ್ತರಿಸುವುದೂ ಉಂಟು, ಹೊಸದೊಂದು ತುಂಡು ಅಂಟಿಸುವುದೂ ಉಂಟು. ಹಾಗೆ ಹುಟ್ಟಿದ್ದನ್ನು ‘ಚಯಾಪಚಯಜ’ ಎನ್ನಬಹುದು. ಲ್ಯಾಬಿನವರ ಬಾಯಲ್ಲಿ ಇರುವುದು ಮಾತ್ರ ಮೆಟಬೊಲೈಟ್. ನಾನೂ ಅದನ್ನೇ ಬಳಸುತ್ತೇನೆ.

ಪ್ಯಾರಾಸಿಟಮಾಲ್ ತಾನೇ ಒಂದು ಮೆಟಬೊಲೈಟ್ ಎಂಬುದು ಅನೇಕರಿಗೆ ಗೊತ್ತಿಲ್ಲ. 1886ರಿಂದ ಅಸೆಟಾನಿಲೈಡ್ ಎಂಬ ಔಷಧವನ್ನು ಜ್ವರಕ್ಕೆ ಕೊಡುತ್ತಿದ್ದರು. ಜ್ವರ ಇಳಿಯುತ್ತಿತ್ತು, ಆದರೆ ಕೆಲವರ ತುಟಿ, ಉಗುರು ನೀಲಿಗಟ್ಟುತ್ತಿದ್ದವು. 1948ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ ಇದರ ಗುಟ್ಟು ಬಿಡಿಸಿದರು. ಅಸೆಟಾನಿಲೈಡಿನ ಬಹುಭಾಗ ದೇಹದೊಳಗೆ ಪ್ಯಾರಾಸಿಟಮಾಲ್ ಆಗುತ್ತದೆ, ನೋವು ತಗ್ಗಿಸುವುದು ಅದು. ಸ್ವಲ್ಪ ಭಾಗ ಅನಿಲೀನ್ ಆಗುತ್ತದೆ, ರಕ್ತ ಕೆಡಿಸುವುದು ಅದು. ಹಾಗಾದರೆ ಒಳ್ಳೆಯ ಮೆಟಬೊಲೈಟನ್ನೇ ನೇರವಾಗಿ ಕೊಟ್ಟರಾಯಿತಲ್ಲ! ಇಂದಿನ ಮಾತ್ರೆಯ ಹಿಂದೆ ಇರುವುದು ಈ ತಿಳಿವಳಿಕೆ.

ಈಗ ತಕ್ಕಡಿಯ ವಿಷಯ. ಮಾಸ್ ಸ್ಪೆಕ್ಟ್ರೋಮೀಟರ್ ಎಂದರೆ ಅಣುವಿಗೆ ವಿದ್ಯುದಾವೇಶ ಕೊಟ್ಟು, ನಿರ್ವಾತದೊಳಗೆ ಅದನ್ನು ಓಡಿಸಿ, ಅದರ ದ್ರವ್ಯರಾಶಿಗೂ ಆವೇಶಕ್ಕೂ ಇರುವ ಅನುಪಾತವನ್ನು ಅಳೆಯುವ ಯಂತ್ರ. ಅಸೆಟಾನಿಲೈಡಿನ ತೂಕ 135, ಪ್ಯಾರಾಸಿಟಮಾಲಿನದು 151. ವ್ಯತ್ಯಾಸ 16, ಅಂದರೆ ಒಂದು ಆಮ್ಲಜನಕದ ಪರಮಾಣು. ಮೆಟಬೊಲೈಟ್ ಹುಡುಕುವವರು ದಿನವಿಡೀ ಮಾಡುವುದು ಇಂಥ ಕೂಡುವ, ಕಳೆಯುವ ಲೆಕ್ಕ. 16 ಹೆಚ್ಚಿದ್ದರೆ ಆಮ್ಲಜನಕ ಸೇರಿದೆ. 14 ಕಡಿಮೆಯಾದರೆ ಬಹುಶಃ ಮಿಥೈಲ್ ಗುಂಪು ಕಳಚಿದೆ. 80 ಹೆಚ್ಚಿದ್ದರೆ ಸಲ್ಫೇಟ್, 176 ಹೆಚ್ಚಿದ್ದರೆ ಗ್ಲೂಕುರೊನಿಕ್ ಆಮ್ಲ ಅಂಟಿಕೊಂಡು ಗ್ಲೂಕುರೊನೈಡ್ ಆಗಿದೆ. ಪೂರ್ಣಾಂಕ ಸಾಲದಾದಾಗ ದಶಮಾಂಶಕ್ಕೆ ಇಳಿಯಬೇಕು. ಮಿಥೈಲ್ ಗುಂಪು ಸೇರಿದರೂ 14 ಹೆಚ್ಚು, ಆಮ್ಲಜನಕ ಸೇರಿ ಎರಡು ಹೈಡ್ರೋಜನ್ ಹೋದರೂ 14 ಹೆಚ್ಚು. ಆದರೆ ಮೊದಲನೆಯದು 14.016, ಎರಡನೆಯದು 13.979. ಇಂದಿನ ಒಳ್ಳೆಯ ಯಂತ್ರಗಳಿಗೆ ಇಷ್ಟು ಅಂತರ ಧಾರಾಳ.

ಕೆಲಸ ನಡೆಯುವುದು ಹೀಗೆ. ಯಕೃತ್ತಿನ ಜೀವಕೋಶಗಳನ್ನೋ ಅವುಗಳಿಂದ ತೆಗೆದ, ಕಿಣ್ವಗಳಿರುವ ಮೈಕ್ರೋಸೋಮ್ ಎಂಬ ಸಣ್ಣ ಕಣಗಳನ್ನೋ ಹೊಸ ಔಷಧದ ಜೊತೆ 37 ಡಿಗ್ರಿಯಲ್ಲಿ ಇಡುತ್ತಾರೆ. ಶುರುವಿನಲ್ಲೇ ಒಂದು ತೊಟ್ಟು, ಒಂದು ಗಂಟೆಯ ಬಳಿಕ ಇನ್ನೊಂದು ತೊಟ್ಟು ತೆಗೆದು ಅಸಿಟೋನೈಟ್ರೈಲ್ ಎಂಬ ದ್ರಾವಕ ಹಾಕಿದರೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ, ಪ್ರೋಟೀನು ಬೆಳ್ಳಗೆ ಒಡೆದು ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ದ್ರವ ಕ್ರೊಮಟೋಗ್ರಫಿಯ ಕಾಲಮ್ಮಿಗೆ ಬಿಟ್ಟು, ಒಂದೊಂದಾಗಿ ಹೊರಬರುವ ಅಣುಗಳನ್ನು ಮಾಸ್ ಸ್ಪೆಕ್‌ಗೆ ಕಳಿಸುತ್ತಾರೆ. ಯಂತ್ರ ಬರೆಯುವ ನಕ್ಷೆಯಲ್ಲಿ ಒಂದೊಂದು ಅಣುವೂ ಒಂದು ಶಿಖರವಾಗಿ ಕಾಣುತ್ತದೆ. ಮೊದಲ ತೊಟ್ಟಿನಲ್ಲಿ ಇಲ್ಲದೆ ಎರಡನೆಯದರಲ್ಲಿ ಮೂಡಿದ ಶಿಖರಗಳ ಮೇಲೆ ಎಲ್ಲರ ಕಣ್ಣು. ದ್ರವವನ್ನು ಹೀಗೆ ನೇರ ಯಂತ್ರಕ್ಕೆ ಬಿಡುವುದನ್ನು ಸುಲಭ ಮಾಡಿದ್ದು ಎಲೆಕ್ಟ್ರೋಸ್ಪ್ರೇ, ಅಂದರೆ ದ್ರವವನ್ನು ಆವೇಶ ಹೊತ್ತ ಸಣ್ಣ ಹನಿಗಳಾಗಿ ಚಿಮ್ಮಿಸುವ ವಿಧಾನ. ಅದಕ್ಕಾಗಿ ಜಾನ್ ಫೆನ್ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು. ಅದಕ್ಕೂ ಮುಂಚೆ ಸಾಮಾನ್ಯವಾಗಿ ಅಣುವನ್ನು ಕಾಯಿಸಿ ಆವಿ ಮಾಡಬೇಕಿತ್ತು. ಗ್ಲೂಕುರೊನೈಡ್‌ನಂಥವು ಆ ಬಿಸಿ ತಾಳುತ್ತಿರಲಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಎಂಬುದಕ್ಕೂ ಪ್ಯಾರಾಸಿಟಮಾಲೇ ಉತ್ತರ. ಅದರ ಬಹುಪಾಲು ಗ್ಲೂಕುರೊನೈಡ್ ಮತ್ತು ಸಲ್ಫೇಟ್ ಆಗಿ ನಿರಪಾಯವಾಗಿ ಹೊರಹೋಗುತ್ತದೆ. ಸಣ್ಣದೊಂದು ಪಾಲನ್ನು ಮಾತ್ರ ಸೈಟೊಕ್ರೋಮ್ ಪಿ450 ಕಿಣ್ವಗಳು ಎರಡು ಹೈಡ್ರೋಜನ್ ಕಿತ್ತು 149 ತೂಕದ ನ್ಯಾಪ್ಕಿ (NAPQI) ಎಂಬ ಅಣುವಾಗಿಸುತ್ತವೆ. ಅದು ಕೈಗೆ ಸಿಕ್ಕ ಪ್ರೋಟೀನಿಗೆಲ್ಲ ಕಚ್ಚಿಕೊಳ್ಳುವ ಜಾತಿಯದು. ಮಿತಿಯಲ್ಲಿ ನುಂಗಿದಾಗ ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಎಂಬ ರಕ್ಷಕ ಅಣು ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಮಿತಿಮೀರಿದರೆ ಗ್ಲುಟಾಥಯೋನ್ ಬರಿದಾಗಿ ಯಕೃತ್ತಿನ ಜೀವಕೋಶಗಳು ಸಾಯುತ್ತವೆ. ಆಸ್ಪತ್ರೆಯಲ್ಲಿ ಅಂಥವರಿಗೆ ಅಸಿಟೈಲ್‌ಸಿಸ್ಟೀನ್ ಕೊಡುವುದು ಈ ಗ್ಲುಟಾಥಯೋನನ್ನು ಮತ್ತೆ ತುಂಬಿಸುವುದಕ್ಕೆ.

ಈ ಪಾಠ ಇಂದು ಔಷಧ ಶೋಧನೆಯ ದಿನಚರಿಯಾಗಿದೆ. ನ್ಯಾಪ್ಕಿಯಂಥ ಅಣು ಕ್ಷಣಮಾತ್ರ ಇದ್ದು ಮಾಯವಾಗುವುದರಿಂದ ಅದನ್ನೇ ಹಿಡಿಯಲು ಹೋಗುವುದಿಲ್ಲ. ನಳಿಕೆಯಲ್ಲಿ ಮೊದಲೇ ಗ್ಲುಟಾಥಯೋನ್ ಬೆರೆಸಿಟ್ಟು, ಅದಕ್ಕೆ ಯಾವುದು ಬಂದು ಅಂಟಿತು ಎಂದು ನೋಡುತ್ತಾರೆ. ಪ್ಯಾರಾಸಿಟಮಾಲಿನಲ್ಲಿ 149ಕ್ಕೆ ಗ್ಲುಟಾಥಯೋನಿನ 307 ಸೇರಿ 456. ಒಂದು ಪ್ರೋಟಾನ್ ಹೊತ್ತು ಅದು ಯಂತ್ರದಲ್ಲಿ 457ಕ್ಕೆ ಕಾಣುತ್ತದೆ. ಅದನ್ನು ಯಂತ್ರದೊಳಗೇ ಒಡೆದಾಗ 129 ಕಳಚಿ 328 ಉಳಿಯುತ್ತದೆ. ಈ 129 ಗ್ಲುಟಾಥಯೋನಿನ ಗುರುತು. ಹೊಸ ಅಣುವೊಂದರಲ್ಲಿ ಈ ಗುರುತು ಜೋರಾಗಿ ಕಂಡರೆ ರಸಾಯನಶಾಸ್ತ್ರಜ್ಞರು ಅಣುವಿನ ಆ ಭಾಗವನ್ನು ಬದಲಿಸಲು ಕೂರುತ್ತಾರೆ. ಮನುಷ್ಯರ ಬಾಯಿಗೆ ಮಾತ್ರೆ ಬೀಳುವ ಎಷ್ಟೋ ವರ್ಷ ಮೊದಲೇ ಈ ಎಚ್ಚರಿಕೆ ಸಿಗುತ್ತದೆ ಎಂಬುದು ನನಗೆ ಈ ವಿದ್ಯೆಯ ಬಗ್ಗೆ ಅತಿ ಹೆಚ್ಚು ಗೌರವ ಹುಟ್ಟಿಸುವ ಸಂಗತಿ.

ತಕ್ಕಡಿಗೂ ಮಿತಿಗಳಿವೆ. 16 ಹೆಚ್ಚಿದೆ ಎಂದು ಅದು ಹೇಳೀತು. ಅಣುವಿನೊಳಗಿನ ಪರಮಾಣುಗಳ ಉಂಗುರದ ಯಾವ ಮೂಲೆಯಲ್ಲಿ ಆಮ್ಲಜನಕ ಕೂತಿದೆ ಎಂಬುದು ಅಣುವನ್ನು ಒಡೆದು ನೋಡಿದರೂ ಕೆಲವೊಮ್ಮೆ ಬಗೆಹರಿಯದು, ಆಗ ಅಣುವನ್ನು ಕಾಂತಕ್ಷೇತ್ರದಲ್ಲಿಟ್ಟು ಅದರ ರಚನೆ ತಿಳಿಯುವ ಎನ್‌ಎಂಆರ್ ಬೇಕು. ಶಿಖರ ಎತ್ತರವಿದ್ದ ಮಾತ್ರಕ್ಕೆ ಆ ಮೆಟಬೊಲೈಟ್ ಹೆಚ್ಚಿದೆ ಎಂದೂ ಅಲ್ಲ, ಏಕೆಂದರೆ ಎಲ್ಲ ಅಣುಗಳೂ ಒಂದೇ ಸಮನಾಗಿ ಆವೇಶ ಹೊರುವುದಿಲ್ಲ. ನಿಜವಾದ ಪ್ರಮಾಣ ತಿಳಿಯಲು ವಿಕಿರಣಶೀಲ ಕಾರ್ಬನ್-14 ಸೇರಿಸಿದ ಔಷಧವನ್ನು ಕೆಲವೇ ಸ್ವಯಂಸೇವಕರಿಗೆ ಕೊಟ್ಟು ರಕ್ತ, ಮೂತ್ರ, ಮಲದಲ್ಲಿ ಅದರ ಜಾಡು ಹಿಡಿಯುತ್ತಾರೆ. ರಕ್ತದಲ್ಲಿರುವ ಔಷಧಸಂಬಂಧಿ ಅಣುಗಳೆಲ್ಲವನ್ನೂ ಸೇರಿಸಿದ ಮೊತ್ತದಲ್ಲಿ ಒಂದು ಮೆಟಬೊಲೈಟಿನ ಪಾಲು ಶೇ. 10 ದಾಟಿ, ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಕಂಡದ್ದಕ್ಕಿಂತ ಮನುಷ್ಯರಲ್ಲಿ ಅದು ಬಹಳ ಹೆಚ್ಚಿದ್ದರೆ, ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅದರ ಸುರಕ್ಷತೆಯನ್ನು ಬೇರೆಯಾಗಿ ಪರೀಕ್ಷಿಸಬೇಕು. ಅದೂ ಸಾವಿರಾರು ರೋಗಿಗಳ ಮೇಲೆ ನಡೆಯುವ ಮೂರನೇ ಹಂತದ ಪ್ರಯೋಗ ಶುರುವಾಗುವ ಮೊದಲು.