ಓದುಗರ ಪ್ರಶ್ನೆ: ಸಣ್ಣ ಕಾಲೇಜಿನ ‘ಆಲ್-ಅಮೆರಿಕನ್’ ಬರೀ ಸಮಾಧಾನದ ಬಹುಮಾನವಾ?

ಪ್ರಶ್ನೆ: ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬ ‘ಆಲ್-ಅಮೆರಿಕನ್’ ಆಗಿದ್ದಾನಂತೆ. ಕಾಲೇಜು ತೀರಾ ಸಣ್ಣದು, ಅವರ ಆಟ ಟಿವಿಯಲ್ಲೂ ಬರುವುದಿಲ್ಲ. ನಿಜವಾಗಿ ಪ್ರತಿಭೆ ಇದ್ದಿದ್ದರೆ ದೊಡ್ಡ ಯೂನಿವರ್ಸಿಟಿಯವರೇ ಅವನನ್ನು ಕರೆದುಕೊಂಡು ಹೋಗುತ್ತಿರಲಿಲ್ಲವಾ? ಇದು ಸುಮ್ನೆ ಸಮಾಧಾನಕ್ಕೆ ಕೊಡುವ ಬಹುಮಾನ ಅಲ್ವಾ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಹಿಂದೆಯೂ ಉತ್ತರ ಬರೆದಿದ್ದೇನೆ. ಆದರೂ ಮಾರ್ಚ್ ಬಂತೆಂದರೆ, ಅಲ್ಲಿ ಕಾಲೇಜು ಟೂರ್ನಮೆಂಟ್‌ಗಳ ಗದ್ದಲ ಶುರುವಾಯಿತೆಂದರೆ, ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಆಲ್-ಅಮೆರಿಕನ್ ಅಂದರೆ ಒಂದು ಸೀಸನ್ನಿನ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಯಲ್ಲಿ ಹೆಸರು ಬಂದವನು. ಮೊದಲು ವ್ಯವಸ್ಥೆ ಏನು ಅಂತ ಬೇಗ ಹೇಳಿಬಿಡುತ್ತೇನೆ. ಅಲ್ಲಿನ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ. 1973ರಲ್ಲಿ ಅದು ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ಹಂಚಿತು. ನಾವು ಟಿವಿಯಲ್ಲಿ ನೋಡುವುದು ಡಿವಿಷನ್ 1. ಡಿವಿಷನ್ 2ರಲ್ಲಿ ಗಂಡಸರ ತಂಡಕ್ಕೆ 10 ಸ್ಕಾಲರ್‌ಶಿಪ್‌ಗಳ ಮಿತಿ ಇದೆ. ಡಿವಿಷನ್ 3ರಲ್ಲಿ ಆಟಕ್ಕಾಗಿ ಒಂದು ಪೈಸೆ ಸ್ಕಾಲರ್‌ಶಿಪ್ ಕೂಡ ಇಲ್ಲ. ಇದರ ಹೊರಗೆ ಎನ್‌ಎಐಎ ಅಂತ ಬೇರೆಯದೇ ಸಂಸ್ಥೆ ಇದೆ, ಅದರಲ್ಲಿರುವುದು ಹೆಚ್ಚಾಗಿ ಸಣ್ಣ ಕಾಲೇಜುಗಳು. ಒಂದೊಂದಕ್ಕೂ ಅದರದೇ ಟೂರ್ನಮೆಂಟ್, ಅದರದೇ ಚಾಂಪಿಯನ್, ಅದರದೇ ಆಲ್-ಅಮೆರಿಕನ್ ಪಟ್ಟಿ. ನಮ್ಮಲ್ಲಿ ಸ್ಟೇಟ್ ಬೋರ್ಡ್, ಸಿಬಿಎಸ್‌ಇ ಎರಡರಲ್ಲೂ ಬೇರೆ ಬೇರೆ ಟಾಪರ್‌ಗಳು ಇರುತ್ತಾರಲ್ಲ, ಹಾಗೆ.

ಆಯ್ಕೆ ಮಾಡುವವರೂ ಒಬ್ಬರಲ್ಲ. ಕೋಚ್‌ಗಳ ಸಂಘ ಒಂದು ಪಟ್ಟಿ ಮಾಡುತ್ತದೆ, ಲೀಗ್‌ಗಳ ಕಮಿಷನರ್‌ಗಳು ಇನ್ನೊಂದು, ಆಟವನ್ನು ಹಿಂಬಾಲಿಸುವ ಪತ್ರಕರ್ತರು ಮತ್ತೊಂದು. ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೊದಲ ತಂಡ, ಎರಡನೇ ತಂಡ ಅಂತ ದರ್ಜೆಗಳಿರುತ್ತವೆ, ಕೆಲವದರ ಕೊನೆಯಲ್ಲಿ ‘ಹಾನರಬಲ್ ಮೆನ್ಷನ್’ ಕೂಡ ಇರುತ್ತದೆ. ಹಾಗಾಗಿ ಯಾರಾದರೂ ಆಲ್-ಅಮೆರಿಕನ್ ಆದ ಅಂದರೆ ಎರಡು ವಿಷಯ ಕೇಳಿ: ಯಾರ ಪಟ್ಟಿ, ಎಷ್ಟನೇ ತಂಡ? ಅಷ್ಟು ಸಾಕು. ಇದು ದೇಶದ ತಂಡಕ್ಕೆ ಆಯ್ಕೆ ಅಲ್ಲ. ಇವರೆಲ್ಲ ಸೇರಿ ಒಂದು ತಂಡವಾಗಿ ಆಡುವುದೂ ಇಲ್ಲ. ಆ ಒಂದು ಸೀಸನ್ನಿನಲ್ಲಿ ಆ ಡಿವಿಷನ್‌ನಲ್ಲಿ ಇವರೇ ಅತ್ಯುತ್ತಮರು ಅನ್ನುವ ತೀರ್ಪು ಅದು.

ಈಗ ಅಸಲಿ ವಿಷಯಕ್ಕೆ ಬರೋಣ. “ಪ್ರತಿಭೆ ಇದ್ದಿದ್ದರೆ ದೊಡ್ಡ ಕಾಲೇಜಿಗೆ ಹೋಗುತ್ತಿದ್ದ” ಅನ್ನುವ ನಂಬಿಕೆ. ಎಷ್ಟು ಸಲ ಕಿತ್ತರೂ ಮತ್ತೆ ಬೇರು ಬಿಡುತ್ತದೆ.

ನಮ್ಮಲ್ಲಿ ಬೆಳಗಿನ ಜಾವ ಎದ್ದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡುವವರೆಲ್ಲರಿಗೂ 1990ರ ದಶಕದ ಶಿಕಾಗೊ ಬುಲ್ಸ್ ತಂಡ ಗೊತ್ತು. 1995-96ರಲ್ಲಿ 72 ಗೆಲುವು, 10 ಸೋಲು. ಮೈಕೆಲ್ ಜೋರ್ಡನ್ ಬಂದದ್ದು ನಾರ್ತ್ ಕ್ಯಾರೊಲಿನಾದಿಂದ, ಅದು ದೊಡ್ಡ ಹೆಸರು. ಸರಿ, ಅವನ ಅಕ್ಕಪಕ್ಕ ಇದ್ದವರು ಯಾರು? ಸ್ಕಾಟಿ ಪಿಪ್ಪೆನ್, ಸೆಂಟ್ರಲ್ ಅರ್ಕಾನ್ಸಾ. ಡೆನ್ನಿಸ್ ರಾಡ್‌ಮನ್, ಸೌತ್‌ಈಸ್ಟರ್ನ್ ಒಕ್ಲಹೋಮಾ ಸ್ಟೇಟ್. ಎರಡೂ ಆಗ ಎನ್‌ಎಐಎ ಕಾಲೇಜುಗಳು. ಕೋಚ್ ಫಿಲ್ ಜಾಕ್ಸನ್ ಆಡಿದ್ದು ನಾರ್ತ್ ಡಕೋಟಾದಲ್ಲಿ, ಅದು ಕೂಡ ಆಗ ಸಣ್ಣ ಕಾಲೇಜುಗಳ ವಿಭಾಗದಲ್ಲೇ ಇತ್ತು. ಈ ಮೂವರೂ ಸಣ್ಣ ಕಾಲೇಜಿನ ಆಲ್-ಅಮೆರಿಕನ್ನರು. ಅವರ ಬಹುಮಾನ ಬರೀ ಸಮಾಧಾನಕ್ಕೆ ಅಂತ ಯಾರು ಹೇಳುತ್ತೀರಿ?

ಪಿಪ್ಪೆನ್ ಕಥೆಯನ್ನು ಪೂರ್ತಿ ಹೇಳಲೇಬೇಕು, ಏಕೆಂದರೆ ಉತ್ತರ ಅದರೊಳಗೇ ಇದೆ. ಅರ್ಕಾನ್ಸಾ ರಾಜ್ಯದ ಹ್ಯಾಂಬರ್ಗ್ ಅನ್ನುವ ಪುಟ್ಟ ಊರು. 12 ಮಕ್ಕಳ ಮನೆಯಲ್ಲಿ ಕೊನೆಯವನು. ಶಾಲೆ ಮುಗಿದಾಗ ಎತ್ತರ ಸುಮಾರು 6 ಅಡಿ 1 ಇಂಚು. ಒಂದೂ ದೊಡ್ಡ ಕಾಲೇಜು ಸ್ಕಾಲರ್‌ಶಿಪ್ ಕೊಡಲಿಲ್ಲ. 1983ರಲ್ಲಿ ಸೆಂಟ್ರಲ್ ಅರ್ಕಾನ್ಸಾಗೆ ಬಂದಾಗ ತಂಡದ ಮ್ಯಾನೇಜರ್ ಕೆಲಸ ಮಾಡಿಕೊಂಡು ಓದುವ ಏರ್ಪಾಟು. ಮ್ಯಾನೇಜರ್ ಅಂದರೆ ಬಾಲ್, ಟವೆಲ್, ನೀರು ನೋಡಿಕೊಳ್ಳುವ ಹುಡುಗ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 4.3 ಪಾಯಿಂಟ್. ಆಮೇಲೆ ಅವನು ಬೆಳೆದ. ಕಾಲೇಜು ಮುಗಿಯುವ ಹೊತ್ತಿಗೆ 6 ಅಡಿ 7 ಇಂಚು ದಾಟಿದ್ದ. ಕೊನೆಯ ವರ್ಷ ಸರಾಸರಿ 23.6 ಪಾಯಿಂಟ್, 10 ರಿಬೌಂಡ್ (ಗುರಿ ತಪ್ಪಿ ವಾಪಸ್ ಬಂದ ಬಾಲ್ ಹಿಡಿಯುವುದು). ಗಿಡ್ಡ ಹುಡುಗನಾಗಿದ್ದಾಗ ಕಲಿತ ಬಾಲ್ ಹಿಡಿತ ಉಳಿಯಿತು, ಅದರ ಮೇಲೆ ಉದ್ದ ಕೈಗಳು ಬಂದವು. ಎನ್‌ಬಿಎ ಪರವಾಗಿ ಪ್ರತಿಭೆ ಹುಡುಕುತ್ತಿದ್ದ ಮಾರ್ಟಿ ಬ್ಲೇಕ್ ಕಣ್ಣಿಗೆ ಬಿದ್ದ. ವರ್ಜಿನಿಯಾದ ಪೋರ್ಟ್ಸ್‌ಮತ್‌ನಲ್ಲಿ ನಡೆಯುವ ಆಯ್ಕೆ ಟೂರ್ನಮೆಂಟ್‌ನಲ್ಲಿ ದೊಡ್ಡ ಕಾಲೇಜಿನವರ ಎದುರೇ ಆಡಿ ತೋರಿಸಿದ. 1987ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 5ನೇ ಆಯ್ಕೆ. ಸಿಯಾಟಲ್ ತೆಗೆದುಕೊಂಡು ಶಿಕಾಗೊಗೆ ಕೊಟ್ಟಿತು. ಆರು ಚಾಂಪಿಯನ್‌ಶಿಪ್.

ರಾಡ್‌ಮನ್ ಕಥೆ ಇನ್ನೂ ಜಾಸ್ತಿ. ಹೈಸ್ಕೂಲ್ ತಂಡದಲ್ಲೇ ಸರಿಯಾಗಿ ಆಡಿದವನಲ್ಲ. ಶಾಲೆ ಬಿಟ್ಟ ಮೇಲೆ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿಯಲ್ಲಿ ನೆಲ ಗುಡಿಸುವ ಕೆಲಸ. ಅದೇ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಎತ್ತರ ಬೆಳೆದ. ಒಕ್ಲಹೋಮಾದ ಆ ಸಣ್ಣ ಕಾಲೇಜಿಗೆ ಹೋಗಿ ಮೂರು ವರ್ಷ ಆಡಿದ, ಮೂರು ವರ್ಷವೂ ಎನ್‌ಎಐಎ ಆಲ್-ಅಮೆರಿಕನ್. 1986ರಲ್ಲಿ ಡೆಟ್ರಾಯಿಟ್ ಅವನನ್ನು 27ನೇ ಆಯ್ಕೆಯಾಗಿ ತೆಗೆದುಕೊಂಡಿತು. ಮುಂದೆ ಸತತ ಏಳು ವರ್ಷ ಎನ್‌ಬಿಎ ರಿಬೌಂಡ್ ಪಟ್ಟಿಯಲ್ಲಿ ಮೊದಲಿಗ.

ನೋಡಿ, ದೊಡ್ಡ ಯೂನಿವರ್ಸಿಟಿ ಆಯ್ಕೆ ಮಾಡುವುದು 17 ವರ್ಷದ ಹುಡುಗನನ್ನು. ಆಲ್-ಅಮೆರಿಕನ್ ಆಗುವುದು 21, 22ರಲ್ಲಿ. ನಡುವಿನ ನಾಲ್ಕೈದು ವರ್ಷದಲ್ಲಿ ಮೈ ಬದಲಾಗುತ್ತದೆ, ಆಟ ಬದಲಾಗುತ್ತದೆ. ಕಾಲೇಜಿನ ಹೆಸರು ಹೇಳುವುದು 17ರಲ್ಲಿ ಅವನು ಹೇಗೆ ಕಂಡ ಅನ್ನುವುದನ್ನು ಮಾತ್ರ. ಇಷ್ಟು ಸರಳವಾದ ಮಾತು ಯಾಕೆ ತಲೆಗೆ ಹೋಗುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಬೆಳವಣಿಗೆ ತಡವಾದದ್ದು ಒಂದು ಕಾರಣ. ಇನ್ನೊಂದು ಕಾರಣ ಬಹಳ ಕಹಿಯಾದದ್ದು. 1960ರ ದಶಕದ ನಡುವಿನವರೆಗೂ ಅಮೆರಿಕದ ದಕ್ಷಿಣದ ದೊಡ್ಡ ಯೂನಿವರ್ಸಿಟಿಗಳ ತಂಡಗಳಲ್ಲಿ ಕಪ್ಪು ಹುಡುಗರಿಗೆ ಜಾಗವೇ ಇರಲಿಲ್ಲ. ಅಲ್ಲಿನ ದೊಡ್ಡ ಯೂನಿವರ್ಸಿಟಿಗಳ ಲೀಗ್ ಆದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಮುಖ್ಯ ತಂಡವೊಂದರಲ್ಲಿ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರ ವಾಂಡರ್‌ಬಿಲ್ಟ್‌ನ ಪೆರ್‍ರಿ ವ್ಯಾಲೆಸ್. ಅವನು ಕಣಕ್ಕಿಳಿದದ್ದು 1967ರಲ್ಲಿ! ಅಲ್ಲಿಯವರೆಗೆ ಆ ಪ್ರತಿಭೆಯೆಲ್ಲ ಎಲ್ಲಿಗೆ ಹೋಗಬೇಕಿತ್ತು? ಕಪ್ಪು ಜನರಿಗಾಗಿಯೇ ಕಟ್ಟಿದ ಸಣ್ಣ ಕಾಲೇಜುಗಳಿಗೆ. ವಿಲ್ಲಿಸ್ ರೀಡ್ ಗ್ರ್ಯಾಂಬ್ಲಿಂಗ್‌ಗೆ ಹೋದ, 1961ರಲ್ಲಿ ಎನ್‌ಎಐಎ ಚಾಂಪಿಯನ್ ಆದ. ಅರ್ಲ್ ಮನ್ರೊ ವಿನ್ಸ್ಟನ್-ಸೇಲಂ ಸ್ಟೇಟ್‌ಗೆ ಹೋದ. ಅಲ್ಲಿ ಕ್ಲಾರೆನ್ಸ್ ಗೇನ್ಸ್ ಅನ್ನುವ ಮಹಾನ್ ಕೋಚ್ ಇದ್ದರು. 1966-67ರಲ್ಲಿ ಮನ್ರೊ ಪಂದ್ಯಕ್ಕೆ ಸರಾಸರಿ 41.5 ಪಾಯಿಂಟ್ ಹೊಡೆದ, ತಂಡ ಎನ್‌ಸಿಎಎ ಸಣ್ಣ ಕಾಲೇಜುಗಳ ಪಟ್ಟ ಗೆದ್ದಿತು.

ಪಾಯಿಂಟ್ ಎಲ್ಲ ದುರ್ಬಲ ತಂಡಗಳ ಮೇಲೆ ಬಂದದ್ದು ಅನ್ನುವವರು ಇದ್ದಾರೆ. ಅವರಿಗೆ 1973ರ ಎನ್‌ಬಿಎ ಚಾಂಪಿಯನ್ ನ್ಯೂಯಾರ್ಕ್ ನಿಕ್ಸ್ ತಂಡದ ಪಟ್ಟಿ ತೋರಿಸುತ್ತೇನೆ. ರೀಡ್ ಇದ್ದ, ಮನ್ರೊ ಇದ್ದ. ವಾಲ್ಟ್ ಫ್ರೇಜಿಯರ್ ಇದ್ದ, ಅವನ ಕಾಲದಲ್ಲಿ ಸದರ್ನ್ ಇಲಿನಾಯ್ ಕೂಡ ಸಣ್ಣ ಕಾಲೇಜುಗಳ ವಿಭಾಗದಲ್ಲಿತ್ತು. ಬೆಂಚಿನಿಂದ ಎದ್ದು ಬರುತ್ತಿದ್ದವನು ಇದೇ ಫಿಲ್ ಜಾಕ್ಸನ್. ವಿಲ್ಟ್ ಚೇಂಬರ್ಲಿನ್, ಜೆರ್‍ರಿ ವೆಸ್ಟ್ ಇದ್ದ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ಇವರು ಸೋಲಿಸಿದರು. ದುರ್ಬಲ ತಂಡ ಅಂದರೆ ಇದಾ?

ಇದು ಹಳೆಯ ಕಾಲದ ಮಾತು ಅಂತ ತಳ್ಳಿಹಾಕಬೇಡಿ. ವರ್ಜಿನಿಯಾ ಯೂನಿಯನ್ ಅನ್ನುವ ಡಿವಿಷನ್ 2 ಕಾಲೇಜಿನ ಬೆನ್ ವ್ಯಾಲೆಸ್ ಆಲ್-ಅಮೆರಿಕನ್ ಆಗಿದ್ದರೂ 1996ರ ಡ್ರಾಫ್ಟ್‌ನಲ್ಲಿ ಯಾರೂ ಅವನನ್ನು ತೆಗೆದುಕೊಳ್ಳಲಿಲ್ಲ. ಅವನೇ ಮುಂದೆ ನಾಲ್ಕು ಸಲ ಎನ್‌ಬಿಎಯ ಅತ್ಯುತ್ತಮ ರಕ್ಷಣಾ ಆಟಗಾರನಾದ, 2004ರಲ್ಲಿ ಡೆಟ್ರಾಯಿಟ್ ಜೊತೆ ಚಾಂಪಿಯನ್ ಆದ, 2021ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ಆಯ್ಕೆದಾರರು ಕಾಲೇಜಿನ ಹೆಸರು ನೋಡಿದರು, ಕೋಚ್‌ಗಳು ಆಟ ನೋಡಿದರು. ಈ ಸಂದರ್ಭದಲ್ಲಿ ಆಲ್-ಅಮೆರಿಕನ್ ಪಟ್ಟಿಯೇ ಸರಿಯಾಗಿತ್ತು. ತೀರಾ ಇತ್ತೀಚಿನವನು ಬೇಕಾ? ಡೆರಿಕ್ ವೈಟ್. ಶಾಲೆ ಮುಗಿದಾಗ ಗಿಡ್ಡನೆಯ ಹುಡುಗ, ಸೇರಿದ್ದು ಕೊಲರಾಡೊ ಸ್ಪ್ರಿಂಗ್ಸ್‌ನ ಡಿವಿಷನ್ 2 ಕಾಲೇಜು. ಅಲ್ಲಿ ಬೆಳೆದು, ದಾಖಲೆ ಮುರಿದು, ಆಮೇಲೆ ಕೊಲರಾಡೊ ಯೂನಿವರ್ಸಿಟಿಯ ಬೌಲ್ಡರ್‌ನ ದೊಡ್ಡ ಕ್ಯಾಂಪಸ್ಸಿಗೆ ಹೋದ. 2024ರಲ್ಲಿ ಬೋಸ್ಟನ್ ಜೊತೆ ಎನ್‌ಬಿಎ ಪಟ್ಟ, ಅದೇ ವರ್ಷ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ ಚಿನ್ನ.

ಒಂದು ಮಾತು ಒಪ್ಪುತ್ತೇನೆ. ಸಣ್ಣ ಕಾಲೇಜಿನ ಆಲ್-ಅಮೆರಿಕನ್ನರಲ್ಲಿ ಎನ್‌ಬಿಎ ತಲುಪುವವರು ತೀರಾ ಕಡಿಮೆ. ಎಷ್ಟೋ ಜನ ಯುರೋಪಿನ ಲೀಗ್‌ಗಳಲ್ಲಿ ಆಡುತ್ತಾರೆ, ಕೋಚ್ ಆಗುತ್ತಾರೆ, ಇಲ್ಲವೇ ಆಟ ಬಿಟ್ಟು ಕೆಲಸಕ್ಕೆ ಸೇರುತ್ತಾರೆ. ಅದರಿಂದ ಗೌರವದ ತೂಕ ಕಡಿಮೆಯಾಗುವುದಿಲ್ಲ. ಆ ಗೌರವ ಕೊಟ್ಟದ್ದು ಆ ಸೀಸನ್ನಿನ ಆಟಕ್ಕೆ, ಮುಂದೆ ಸಿಗುವ ಸಂಬಳಕ್ಕಲ್ಲ.

ಅಂದಹಾಗೆ, ನಿಮ್ಮ ಅಕ್ಕನ ಮಗನ ಕಾಲೇಜು ಡಿವಿಷನ್ 3 ಆಗಿರುವ ಸಾಧ್ಯತೆ ಸಾಕಷ್ಟಿದೆ. ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್ ಮಾತು ಬಂದಾಗಲೆಲ್ಲ ಕೇಳಿಬರುವ ಎಂಐಟಿ, ಕ್ಯಾಲ್‌ಟೆಕ್, ಕಾರ್ನೆಗಿ ಮೆಲನ್ ಮೂರೂ ಆಟದಲ್ಲಿ ಡಿವಿಷನ್ 3. ಎಂಐಟಿ 2012ರಲ್ಲಿ ಆ ಡಿವಿಷನ್‌ನ ಕೊನೆಯ ನಾಲ್ಕರ ಹಂತಕ್ಕೆ ಹೋಗಿತ್ತು. ಕ್ಯಾಲ್‌ಟೆಕ್ ಮಾತ್ರ 2011ರಲ್ಲಿ ಆಕ್ಸಿಡೆಂಟಲ್ ಕಾಲೇಜನ್ನು 46-45ರಿಂದ ಸೋಲಿಸುವವರೆಗೆ ತನ್ನ ಲೀಗ್‌ನಲ್ಲಿ ಸತತ 310 ಪಂದ್ಯ ಸೋತಿತ್ತು. ಒಂದೇ ಡಿವಿಷನ್ ಒಳಗೇ ಇಷ್ಟು ಅಂತರ. ಇಲ್ಲಿ ‘ಅಕಾಡೆಮಿಕ್ ಆಲ್-ಅಮೆರಿಕ’ ಅನ್ನುವ ಬೇರೆ ಗೌರವವೂ ಇದೆ, ಅದಕ್ಕೆ ಆಟದ ಜೊತೆ ಮಾರ್ಕ್ಸ್ ಕೂಡ ಬೇಕು. ಎರಡನ್ನೂ ಕಲಸಬೇಡಿ.

ಇಷ್ಟೆಲ್ಲ ಪ್ರಶ್ನೆ ಬರುತ್ತವೆ, ಆದರೆ ಹುಡುಗಿಯರ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಕೇಳಬೇಕಿತ್ತು. ಯಾಕೆಂದರೆ ಹೆಂಗಸರ ಬ್ಯಾಸ್ಕೆಟ್‌ಬಾಲ್‌ನಲ್ಲಿ 1970ರ ದಶಕದ ಹಲವು ವರ್ಷ ಸಣ್ಣ ಕಾಲೇಜುಗಳೇ ದೇಶದ ಅಗ್ರ ತಂಡಗಳಾಗಿದ್ದವು. ಎನ್‌ಸಿಎಎ ಆಗ ಹೆಂಗಸರ ಟೂರ್ನಮೆಂಟ್ ನಡೆಸುತ್ತಲೇ ಇರಲಿಲ್ಲ. ಎಐಎಡಬ್ಲ್ಯೂ ಅನ್ನುವ ಬೇರೆ ಸಂಸ್ಥೆ ನಡೆಸುತ್ತಿತ್ತು. ಅದರ ಮೊದಲ ಮೂರು ಪಟ್ಟಗಳನ್ನು, 1972ರಿಂದ 1974ರವರೆಗೆ, ಗೆದ್ದದ್ದು ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಅನ್ನುವ ಪುಟ್ಟ ಕ್ಯಾಥೊಲಿಕ್ ಕಾಲೇಜು. ಮುಂದಿನ ಮೂರನ್ನು ಗೆದ್ದದ್ದು ಮಿಸ್ಸಿಸ್ಸಿಪ್ಪಿಯ ಡೆಲ್ಟಾ ಸ್ಟೇಟ್.

ಡೆಲ್ಟಾ ಸ್ಟೇಟ್ 1932ರಲ್ಲಿ ಹೆಂಗಸರ ತಂಡವನ್ನೇ ಮುಚ್ಚಿತ್ತು. ಹೆಣ್ಣುಮಕ್ಕಳ ಮೈಗೆ ಈ ಆಟ ತಡೆಯುವುದಿಲ್ಲ ಅನ್ನುವುದು ಆಗಿನ ಕಾರಣ. ಆಗ ಆ ತಂಡದಲ್ಲಿ ಆಡುತ್ತಿದ್ದ ಮಾರ್ಗರೆಟ್ ವೇಡ್ ಅವರೇ 1973ರಲ್ಲಿ ಕೋಚ್ ಆಗಿ ತಂಡವನ್ನು ಮತ್ತೆ ಕಟ್ಟಿದರು. ಅವರ ಕೈಗೆ ಸಿಕ್ಕವಳು ಲೂಸಿಯಾ ಹ್ಯಾರಿಸ್, 6 ಅಡಿ 3 ಇಂಚು ಎತ್ತರದ ಹಳ್ಳಿ ಹುಡುಗಿ. 1975, 1976, 1977 ಮೂರೂ ವರ್ಷ ಆಲ್-ಅಮೆರಿಕನ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ನಡೆದಾಗ ಅದರ ಮೊಟ್ಟಮೊದಲ ಪಾಯಿಂಟ್ ಹೊಡೆದವಳು ಇವಳೇ. 1977ರಲ್ಲಿ ನ್ಯೂ ಆರ್ಲಿಯನ್ಸ್ ಜ್ಯಾಜ್ ಎನ್‌ಬಿಎ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ಅವಳ ಹೆಸರು ಕರೆಯಿತು. ಅವಳು ಹೋಗಲಿಲ್ಲ. ಹೆಂಗಸರಿಗೆ ಆಗ ವೃತ್ತಿಪರ ಲೀಗ್ ಅಂತ ಇನ್ನೂ ಇರಲಿಲ್ಲ. 1992ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದಳು.

ಕಾಲೇಜುಗಳು ಹೆಣ್ಣು ಗಂಡು ಭೇದ ಮಾಡಬಾರದು ಅನ್ನುವ 1972ರ ಕಾನೂನಿನ ನಂತರ ದೊಡ್ಡ ಯೂನಿವರ್ಸಿಟಿಗಳು ಹೆಂಗಸರ ಆಟಕ್ಕೂ ನಿಧಾನವಾಗಿ ಹಣ ಹಾಕಿದವು. 1982ರಲ್ಲಿ ಎನ್‌ಸಿಎಎ ಹೆಂಗಸರ ಟೂರ್ನಮೆಂಟ್ ಶುರುಮಾಡಿತು, ಎಐಎಡಬ್ಲ್ಯೂ ಮುಚ್ಚಿಹೋಯಿತು. ಹ್ಯಾರಿಸ್ ಆಡಿದ ಡೆಲ್ಟಾ ಸ್ಟೇಟ್ ಈಗ ಡಿವಿಷನ್ 2ರಲ್ಲಿದೆ. ಅಲ್ಲಿನ ಹುಡುಗಿಯೊಬ್ಬಳು ಈ ವರ್ಷ ಆಲ್-ಅಮೆರಿಕನ್ ಆದರೆ ಅವಳ ಹೆಸರು ಬರುವುದು ಸಣ್ಣ ಕಾಲೇಜುಗಳ ಪಟ್ಟಿಯಲ್ಲೇ.