ಎರ್ವಿನ್ ವುರ್ಮ್: ಶಿಲ್ಪ ಇರೋದೆಲ್ಲಿ?

ಎರ್ವಿನ್ ವುರ್ಮ್ ಆಸ್ಟ್ರಿಯಾದ ಕಲಾವಿದರು, ಹುಟ್ಟಿದ್ದು 1954ರಲ್ಲಿ. ಚಿತ್ರಕಲೆ ಓದೋಣ ಅಂತ ಹೋದವರನ್ನು ಶಿಲ್ಪಕಲೆ ತರಗತಿಗೆ ಹಾಕಿದರಂತೆ. ಪೀಠಿಕೆ ಇಷ್ಟು ಸಾಕು.

ನಾನು ಎರಡು ದಿನ ಒದ್ದಾಡಿದ್ದು ಅವರ 'ಒಂದು ನಿಮಿಷದ ಶಿಲ್ಪಗಳ' ಹತ್ತಿರ. 1990ರ ದಶಕದ ಸರಣಿ. ಒಂದು ಪೀಠ, ಯಾವುದೋ ಮನೆಸಾಮಾನು, ಜೊತೆಗೆ ಕಲಾವಿದರ ಪುಟ್ಟ ರೇಖಾಚಿತ್ರ, ಸೂಚನೆ. ನೋಡಲು ಬಂದವರೇ ಅದರಂತೆ ನಿಲ್ಲಬೇಕು. ಒಂದರ ಫೋಟೋದಲ್ಲಿ ಮನುಷ್ಯ ಬಕೆಟ್ಟಿನೊಳಗೆ ನಿಂತು ಇನ್ನೊಂದು ಬಕೆಟ್ಟನ್ನು ತಲೆಗೆ ಬೋರಲು ಹಾಕಿಕೊಂಡಿದ್ದಾನೆ. ಸರಿ, ಶಿಲ್ಪ ಯಾವುದು? ಬಕೆಟ್ಟೇ? ಮನುಷ್ಯನೇ? ಫೋಟೋವೇ? ಸೂಚನೆಯೇ? ನಾಲ್ಕನ್ನೂ ಬರೆದೆ, ನಾಲ್ಕನ್ನೂ ಹೊಡೆದು ಹಾಕಿದೆ.

ಕೊನೆಗೆ ಮಾಡಿಯೇ ನೋಡಿದೆ. ಗೋಡೆಗೆ ದಿಂಬು ಇಟ್ಟು, ಬೀಳದಂತೆ ಹಣೆಯಿಂದ ಒತ್ತಿ, ಕೈ ಬಿಟ್ಟೆ. (ಈ ಸೂಚನೆ ನನ್ನದು, ವುರ್ಮ್ ಅವರದಲ್ಲ.) ಹತ್ತು ಸೆಕೆಂಡು ನಗು. ಇಪ್ಪತ್ತಕ್ಕೆ ಕತ್ತು ಬಿಗಿಯಿತು. ನಲವತ್ತರ ಹೊತ್ತಿಗೆ ದಿಂಬನ್ನು ನಾನು ಹಿಡಿದಿದ್ದೇನೋ, ನನ್ನನ್ನು ದಿಂಬು ಹಿಡಿದಿದೆಯೋ ಗೊತ್ತಾಗಲಿಲ್ಲ. ಆ ಆನಿಕೆಯೇ ಶಿಲ್ಪ! ಕಲ್ಲಿನ ವಿಗ್ರಹದಲ್ಲಿರುವ ಭಾರ, ಆಕಾರ, ಸಮತೋಲ ಎಲ್ಲ ಇಲ್ಲೂ ಇವೆ. ಬಾಳಿಕೆ ಮಾತ್ರ ಕ್ಷಣಕಾಲದ್ದು. ಫೋಟೋ ಅದು ಬಿಟ್ಟುಹೋದ ಗುರುತು. 'ನಿಮಿಷ' ಅಂದರೆ ಗಡಿಯಾರ ಹಿಡಿಯಬೇಡಿ, 'ಸ್ವಲ್ಪ ಹೊತ್ತು' ಅಂತ ಓದಿಕೊಳ್ಳಿ.

ಮುಜುಗರವೂ ಇದರ ಸಾಮಗ್ರಿಯೇ. ಬಕೆಟ್ ಬಚ್ಚಲಲ್ಲಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ತಲೆಗೇರಿತೋ, ನಾಲ್ಕು ಜನರ ಮುಂದೆ ಹೇಗಿರಬೇಕು ಅನ್ನುವ ಕಟ್ಟಳೆ ಥಟ್ಟನೆ ನೆನಪಾಗುತ್ತದೆ.

ಶಿಲ್ಪಿ ಮಣ್ಣು ಮೆತ್ತಿ ಆಕಾರ ಕೊಡುತ್ತಾನೆ, ಇಲ್ಲವೇ ಕಲ್ಲು ಕೆತ್ತಿ. ಹಾಗಾಗಿ ಉಳಿದ ಕೃತಿಗಳಿಗೆ ನನ್ನ ಒಳದಾರಿ ಒಂದೇ ಪ್ರಶ್ನೆ: ಮೆತ್ತಿದ್ದಾರಾ, ಕೆತ್ತಿದ್ದಾರಾ? 1993ರ ಪುಸ್ತಕವೊಂದರಲ್ಲಿ ಎಂಟು ದಿನದಲ್ಲಿ ಉಡುಪಿನ ಅಳತೆ (ಯುರೋಪಿನ ಲೆಕ್ಕದಲ್ಲಿ) 50ರಿಂದ 54ಕ್ಕೆ ಏರುವಂತೆ ದಪ್ಪಗಾಗುವುದು ಹೇಗೆ ಅಂತ ಹೇಳಿಕೊಟ್ಟಿದ್ದಾರೆ. ಮಣ್ಣಿನ ಬದಲು ಮೈಗೇ ಮೆತ್ತುವುದು. 2001ರ 'ದಪ್ಪ ಕಾರು' ಕೂಡ ಹಾಗೇ: ಅಂತಸ್ತು ತೋರಿಸುವ ಕಾರಿಗೇ ಬೊಜ್ಜು ಬಂದು ಜೋಲುತ್ತದೆ. 2010ರ 'ಕಿರಿದಾದ ಮನೆ' ಇದಕ್ಕೆ ತಿರುವುಮುರುವು. ಅವರು ಬೆಳೆದ ಮನೆಯೇ, ಅಗಲ ಮಾತ್ರ ಸುಮಾರು ಒಂದು ಮೀಟರ್. ಮಂಚ, ಕಮೋಡ್, ಟೆಲಿಫೋನ್ ಎಲ್ಲ ಹಿಂಡಿದಂತೆ ಸಪೂರ. ಎರಡನೇ ಮಹಾಯುದ್ಧದ ನಂತರದ ಆಸ್ಟ್ರಿಯಾದ ಬಿಗಿ ನಡವಳಿಕೆ ಪಕ್ಕೆಗೇ ತಗಲುತ್ತದೆ. ಹಿಂಡುವುದನ್ನು ಕೆತ್ತುವುದು ಅನ್ನಬಹುದೇ? ಎಳೆದಾಡಿದರೆ ಅನ್ನಬಹುದು.

2017ರ ವೆನಿಸ್ ಬಿನಾಲೆಯಲ್ಲಿ (ಇಟಲಿಯ ವೆನಿಸ್ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನ) ಮಾತ್ರ ನನ್ನ ಸೂತ್ರ ಕೈಕೊಟ್ಟಿತು. ಲಾರಿಯೊಂದನ್ನು ಮೂತಿ ಕೆಳಗಾಗಿ ನಿಲ್ಲಿಸಿದ್ದರು. ಮೆತ್ತಿಲ್ಲ, ಕೆತ್ತಿಲ್ಲ. ಒಳಗಿನ ಮೆಟ್ಟಿಲು ಹತ್ತಿ, ತುದಿಯಲ್ಲಿ ಸುಮ್ಮನೆ ನಿಂತು ಸಮುದ್ರದ ಕಡೆ ನೋಡಿ ಅನ್ನುವುದೇ ಸೂಚನೆ.