ಒಂದು ಸಲ ಮರಿ ಹಾಕಿದ ಮೇಲೆ ಆಪರೇಷನ್ ಮಾಡಿಸಿದರೆ ಸಾಕಾ?

ಪ್ರಶ್ನೆ: ನಮ್ಮ ಕಾಲೋನಿಯಲ್ಲಿ ನಾಯಿಗಳಿಗೆ ಮರಿ ಆಗದಂತೆ ಮಾಡುವ ಉಚಿತ ಆಪರೇಷನ್ ಶಿಬಿರ ಇದೆಯಂತೆ. ನಾವು ಸಾಕಿದ ಹೆಣ್ಣುನಾಯಿಗೆ ಏಳು ತಿಂಗಳು. ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸಿ ಅಂತಾರೆ. ಕಾಯಬೇಕಾ?

ಬೇಡ. ಈ ಶಿಬಿರಕ್ಕೇ ಕರೆದುಕೊಂಡು ಹೋಗಿ.

ಇಷ್ಟು ಹೇಳಿದರೆ ಯಾರೂ ಒಪ್ಪೋದಿಲ್ಲ ಅಂತ ಗೊತ್ತು. "ಪಾಪ, ಒಂದ್ಸಲನಾದ್ರೂ ತಾಯಿ ಆಗ್ಲಿ" ಅನ್ನುವ ಮಾತು ಶೀಟಿನ ಮನೆಯಲ್ಲೂ ಕೇಳುತ್ತೆ, ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲೂ ಕೇಳುತ್ತೆ. ಹಾಗಾಗಿ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ.

ನಾಯಿಗೆ ಮದುವೆ, ಸೀಮಂತದ ಆಸೆ ಇರೋದಿಲ್ಲ. ಬೆದೆ ಬಂದಾಗ ಹಾರ್ಮೋನು ಅದನ್ನು ಓಡಾಡಿಸುತ್ತದೆ. ಅಂಡಾಶಯ, ಗರ್ಭಕೋಶ ತೆಗೆದರೆ ಆ ಸೆಳೆತವೇ ಇರೋದಿಲ್ಲ. ಮರಿ ಹಾಕಿಲ್ಲ ಅಂತ ಕೊರಗುತ್ತಾ ಕೂರೋದು ನಾಯಿಯಲ್ಲ, ನಾವು.

ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೇದು ಅನ್ನೋದಂತೂ ಪೂರಾ ಉಲ್ಟಾ. ಮೊದಲ ಬೆದೆಗೆ ಮುಂಚೆ ಆಪರೇಷನ್ ಆದರೆ ಮೊಲೆಗಡ್ಡೆಯ ಅಪಾಯ ತುಂಬಾ ಕಡಿಮೆ. ತಡ ಮಾಡಿದಷ್ಟೂ ಆ ಲಾಭ ಕೈಜಾರುತ್ತೆ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ತಪ್ಪುತ್ತೆ. ಇನ್ನು ಕಾರ್ತಿಕದಲ್ಲಿ ಒಂದು ಹೆಣ್ಣಿನ ಹಿಂದೆ ಏಳೆಂಟು ಗಂಡುಗಳು ಬೀಳೋದನ್ನು ನೀವೇ ನೋಡಿರುತ್ತೀರಿ. ಕೂಡುವಾಗ ಒಂದರಿಂದ ಒಂದಕ್ಕೆ ದಾಟುವ ಗಡ್ಡೆರೋಗ ಬೀದಿನಾಯಿಗಳಲ್ಲಿ ಸಾಮಾನ್ಯ. ಅದಕ್ಕೆ ವಾರಕ್ಕೊಂದರಂತೆ ಹಲವು ವಾರ ಕಿಮೊ, ಅಂದರೆ ಕ್ಯಾನ್ಸರಿಗೆ ಕೊಡುವ ಇಂಜೆಕ್ಷನ್ ಬೇಕು. ದಾನದ ದುಡ್ಡಿನಲ್ಲಿ ನಡೆಯುವ ಆಸ್ಪತ್ರೆಗೆ ಇದು ಸಣ್ಣ ಖರ್ಚಲ್ಲ.

"ಒಂದೇ ಸಲ" ಅನ್ನೋದು ಒಂದೇ ಸಲಕ್ಕೆ ನಿಲ್ಲೋದೂ ಇಲ್ಲ. ಬಸಿರು ಸುಮಾರು 63 ದಿನ. ಆಮೇಲೆ ಮರಿಗಳು ಹಾಲು ಬಿಡೋವರೆಗೆ ಇನ್ನೂ ಎರಡು ತಿಂಗಳು ತಾಯಿಯನ್ನು ಕಳಿಸೋ ಹಾಗಿಲ್ಲ. ಅಷ್ಟರಲ್ಲಿ ಶಿಬಿರ ಬೇರೆ ಏರಿಯಾಗೆ ಹೋಗಿರುತ್ತೆ. ಅನ್ನ ಸಾರು ತಿಂದು ಬದುಕುವ ನಾಯಿ ಆರು ಮರಿಗೆ ಹಾಲು ಕೊಟ್ಟು ಎಲುಬಿನ ಗೂಡಾಗಿರುತ್ತೆ. ಮರಿಗಳಲ್ಲಿ ಕೆಲವನ್ನು ಪಾರ್ವೊ ಅನ್ನುವ ವಾಂತಿ-ಭೇದಿಯ ವೈರಸ್ ರೋಗ ಒಯ್ಯುತ್ತೆ. ಉಳಿದದ್ದರಲ್ಲಿ ಗಂಡುಮರಿಗೆ ಗಿರಾಕಿ ಸಿಗುತ್ತೆ. ಹೆಣ್ಣುಮರಿಗಳು? ಚೀಲದಲ್ಲಿ ಹಾಕಿ ಮಾರ್ಕೆಟ್ ಹಿಂದೆ ಬಿಟ್ಟು ಬರುವವರು ಯಾರು ಅಂದುಕೊಂಡಿದ್ದೀರಿ? "ಪಾಪ, ತಾಯಿ ಆಗ್ಲಿ" ಅಂದವರ ಮನೆಯವರೇ.

ಆಪರೇಷನ್ ಆದರೆ ದಪ್ಪ ಆಗುತ್ತಾ ಅಂತಲೂ ಕೆಲವರು ಕೇಳುತ್ತಾರೆ. ಊಟ ಜಾಸ್ತಿ ಹಾಕಿ, ಓಡಾಡಿಸದೆ ಕೂಡಿಹಾಕಿದರೆ ಆಗುತ್ತೆ.

ಉಚಿತ ಶಿಬಿರ ತಪ್ಪಿಸಿಕೊಳ್ಳಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಬೀದಿನಾಯಿಗಳಿಗೆ ಆಪರೇಷನ್ ಮಾಡಿ ರೇಬೀಸ್ ಲಸಿಕೆ ಹಾಕಬೇಕು ಅಂತ 2001ರಲ್ಲೇ ನಿಯಮ ಬಂತು. 2023ರಲ್ಲಿ ಅದನ್ನು ಹೊಸದಾಗಿ ಬರೆದರು. ಆ ಕೆಲಸ ನಗರಸಭೆ, ಪಾಲಿಕೆಗಳದ್ದು. ಸಾಕಿದ ನಾಯಿಯ ಹೊಣೆ ಮಾತ್ರ ಮಾಲೀಕರದ್ದೇ. ಖಾಸಗಿ ಕ್ಲಿನಿಕ್‌ನಲ್ಲಿ ಸಾವಿರಗಟ್ಟಲೆ ಕೇಳುತ್ತಾರೆ. ಕೂಲಿ ಮಾಡಿ ನಾಯಿ ಸಾಕುವವರು ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತಾರೆ. ದಾನದ ಶಿಬಿರಗಳು ಬರೋದು ಅವರಿಗಾಗಿಯೇ. ಹೋಗುವ ಮುಂಚೆ ಹೊಟ್ಟೆ ಎಷ್ಟು ಹೊತ್ತು ಖಾಲಿ ಇರಬೇಕು ಅಂತ ಕೇಳಿಕೊಳ್ಳಿ. ಪ್ರೀತಿಗೆ ಅಂತ ಬಿಸ್ಕೆಟ್ ಹಾಕಬೇಡಿ. ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಉಸಿರಿನ ಕೊಳವೆಗೆ ಹೋದರೆ ಕಷ್ಟ.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಆಪರೇಷನ್ ಆದ ಮೇಲೆ ನೋವಿಗೆ ಅಂತ ಮನೆಯ ಡಬ್ಬಿಯಲ್ಲಿರುವ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೇ ಪ್ರಾಣ ತೆಗೆಯಬಹುದು. ಹುಳ ಬಿದ್ದ ಗಾಯಕ್ಕೆ ಫಿನಾಯಿಲ್, ಪೆಟ್ರೋಲ್ ಸುರಿಯೋದೂ ಬೇಡ. ಹುಳದ ಜೊತೆ ಮಾಂಸವೂ ಸುಡುತ್ತೆ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಬೆಳಿಗ್ಗೆ ಹೋದರೆ ಡಾಕ್ಟರು ಸಿಗುತ್ತಾರೆ. ಮಧ್ಯಾಹ್ನ ಹಸು ನೋಡೋಕೆ ಹಳ್ಳಿಗೆ ಹೋಗಿರಬಹುದು.